ನಲವತ್ತನೆಯ ಹೆಂಚು

ಕಳೆದ ವಾರ ತೀರಿಕೊಂಡ ಹಳೆಯ ಜೊತೆಗಾರನೊಬ್ಬನ ಮಣ್ಣಿಗೆಂದು ಖಾನಾಪುರಕ್ಕೆ ಹೋಗಿದ್ದೆ. ಮಣ್ಣು ಮುಗಿಸಿ ಬಸ್ ನಿಲ್ದಾಣದ ಕಡೆ ನಡೆಯುವಾಗ ಅಡ್ಡ ಮಳೆ ಹಿಡಿಯಿತು. ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಗೋಡೆಗೆ ಆತು ನಿಂತೆ. ಒಡೆದ ಹೆಂಚುಗಳ ಗುಡ್ಡೆ ಅಲ್ಲಿ ಇನ್ನೂ ಇದೆ, ಅದರ ಮೇಲೆ ಹುಲ್ಲು ಬೆಳೆದಿದೆ. ಬೆಳಗಿನಿಂದ ಬಿಸಿಲಿಗೆ ಕಾದಿದ್ದ ಹೆಂಚುಗಳ ಮೇಲೆ ಹನಿ ಬಿದ್ದಾಗ ವಾಸನೆ ಎದ್ದಿತು. ಹೊಲದ ಮಣ್ಣು ಮಳೆಗೆ ಬಿಡುವ ವಾಸನೆಯಲ್ಲ ಅದು. ಸುಟ್ಟ ಮಣ್ಣು ಒದ್ದೆಯಾದಾಗ ಬರುವುದೇ ಬೇರೆ. ಮೂವತ್ತು ವರ್ಷಕ್ಕೂ ಮೇಲೆ ಅದನ್ನು ಮೂಗಿನಲ್ಲಿ ಹೊತ್ತು ತಿರುಗಿದವನು ನಾನು. ಕೈ ತನ್ನ ಚಾಳಿ ಬಿಡಲಿಲ್ಲ. ಕಾಲ ಬಳಿ ಬಿದ್ದಿದ್ದ ಒಂದು ಹೆಂಚನ್ನು ಎತ್ತಿ, ಬೆರಳ ಗೆಣ್ಣಿನಿಂದ ಬಡಿದು ಕಿವಿಗೆ ಹಿಡಿದೆ.

ಆ ಕಾರ್ಖಾನೆಯಲ್ಲಿ ನನ್ನ ಕೆಲಸ ಅದೇ ಆಗಿತ್ತು. ಭಟ್ಟಿಯಿಂದ ಇಳಿದು ಆರಿದ ಹೆಂಚುಗಳನ್ನು ಒಂದೊಂದಾಗಿ ಬಡಿದು ನೋಡುವುದು. ಗಟ್ಟಿ ಹೆಂಚು ಗಂಟೆಯ ಹಾಗೆ ಸದ್ದು ಮಾಡುತ್ತದೆ. ಒಳಗೆ ಸೀಳಿದ್ದರೆ, ಕಣ್ಣಿಗೆ ಕಾಣದಿದ್ದರೂ, ದನಿ ಮಂಕಾಗುತ್ತದೆ. ಒಳ್ಳೆಯದಕ್ಕೆ ಸೀಮೆಸುಣ್ಣದಿಂದ ಒಂದು ಗೆರೆ, ಕೆಟ್ಟದ್ದಕ್ಕೆ ಕತ್ತರಿ ಗುರುತು. ಒದ್ದೆ ಹೆಂಚನ್ನು ಮಾತ್ರ ಬಡಿಯಬಾರದು. ಗಟ್ಟಿಯಿದ್ದರೂ ಅದು ಮಂಕಾಗಿಯೇ ನುಡಿಯುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನ ನನಗೆ ಕಲಿಸಿದ್ದು ಇದನ್ನೇ.

ಹತ್ತನೆಯ ಇಯತ್ತೆಯವರೆಗೆ ಓದಿದವನು. ಈಗ ಎಪ್ಪತ್ತೈದು ವಯಸ್ಸು. ಬೆಳಗಾವಿಯ ಖಾಸಬಾಗದಲ್ಲಿ ಹೆಂಡತಿಯ ತವರಿನವರ ಓಣಿಯಲ್ಲಿ ಇದ್ದೇನೆ. ನಾನು ಹೇಳಬೇಕಾದದ್ದು ಹನ್ನೊಂದು ವರ್ಷದ ಹಿಂದಿನ ಒಂದು ವರ್ಷದ್ದು. ಸರಿಯಾಗಿ ಹೇಳಿದರೆ ಈಸ್ಟರಿಗೆ ಮೊದಲಿನ ಉಪವಾಸ ಶುರುವಾಗುವ ಬೂದಿ ಬುಧವಾರದಿಂದ ಮಳೆಗಾಲದ ನಡುವಿನವರೆಗಿನ ಕೆಲವು ತಿಂಗಳದ್ದು. ಕಾರ್ಖಾನೆ ಮುಚ್ಚಿ ಆಗ ಬಹಳ ದಿನವಾಗಿತ್ತು. ನಾನು ಖಾನಾಪುರದ ನಮ್ಮ ಸಣ್ಣ ಕ್ರೈಸ್ತ ಸಭೆಯ ಹಿರಿಯನಾಗಿದ್ದೆ. ಒಂದು ಹಾಡು ಕನ್ನಡದಲ್ಲಿ, ಒಂದು ಮರಾಠಿಯಲ್ಲಿ ಹಾಡುವ, ಮೂವತ್ತು ಮನೆಗಳೂ ಇಲ್ಲದ ಸಭೆ. ಜನರನ್ನೂ ನಾನು ಹೆಂಚು ಬಡಿದ ಹಾಗೆಯೇ ಬಡಿದು ನೋಡುತ್ತಿದ್ದೆ. ಯಾರ ಪ್ರಾರ್ಥನೆಯ ದನಿ ಗಟ್ಟಿ, ಯಾರದು ಮಂಕು ಎಂದು ನನಗೆ ಗೊತ್ತಾಗುತ್ತದೆ ಎಂದು ನಂಬಿದ್ದೆ. ಅವರೂ ನಂಬಿದ್ದರು.

ನನ್ನ ತಂಗಿ ಸಾರವ್ವ ನನಗಿಂತ ಆರು ವರ್ಷ ಚಿಕ್ಕವಳು. ಬೆಳಗಾವಿಯಲ್ಲಿ ಹುಡುಗಿಯರ ವಸತಿಗೃಹವೊಂದರಲ್ಲಿ ಆಯಾ ಆಗಿ ಬಾಳೆಲ್ಲ ಕಳೆದು, ಆ ವರ್ಷ ಜನವರಿಯಲ್ಲಿ ಒಂದು ಟ್ರಂಕು ಹಿಡಿದು ಖಾನಾಪುರಕ್ಕೆ ಬಂದು ಒಂದು ಬಾಡಿಗೆ ಕೋಣೆಯಲ್ಲಿ ಉಳಿದಳು. ಮದುವೆಯಾಗಿರಲಿಲ್ಲ. ಆಗಗೊಡದವನು ನಾನು. ಅವಳು ಇಪ್ಪತ್ತೆರಡರವಳಿದ್ದಾಗ, ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುವ ಕೆಲಸಕ್ಕಿದ್ದ ಬೀಡಿ ಊರಿನ ಬೀರಪ್ಪನನ್ನು ಇಷ್ಟಪಟ್ಟಳು. ಅವರದು ಕುರಿ ಸಾಕುವ ಮನೆತನ. ಅವನೇ ನನ್ನ ಹತ್ತಿರ ಬಂದು ನೆಟ್ಟಗೆ ಕೇಳಿದ. "ಆಕಿ ನಿಮ್ಮ ಸಭಾಕ್ಕ ಹೋಗಲಿ ಅಣ್ಣಾರ, ನಾ ಏನೂ ಅನ್ನಂಗಿಲ್ಲ" ಅಂದ. ನಾನು ಮನೆಗೆ ಬಂದು ಮಣ್ಣು ತಟ್ಟುವ ಹಲಗೆಯಿಂದ ಸಾರವ್ವನನ್ನು ಹೊಡೆದೆ. ಅಡ್ಡ ಹಿಡಿದ ಬಲಗೈ ಮಣಿಕಟ್ಟಿನಲ್ಲಿ ಮುರಿಯಿತು. ಕೂಡಿಕೊಂಡಾಗ ಸೊಟ್ಟಗೆ ಕೂಡಿತು. ದೇವರ ಸಲುವಾಗಿ ಹೊಡೆದೆ ಎಂದು ಎಲ್ಲರಿಗೂ ಹೇಳಿದೆ. ಸುಳ್ಳು. ಕುರುಬರ ಮನೆಗೆ ತಂಗಿಯನ್ನು ಕೊಟ್ಟವನು ಎಂದು ಕರೆಸಿಕೊಂಡರೆ ಮುಂದೆ ಹಿರಿಯನಾಗಲು ಬಿಡುವುದಿಲ್ಲ ಎಂಬ ಲೆಕ್ಕ ನನ್ನ ಹೊಟ್ಟೆಯಲ್ಲಿತ್ತು.

ಅವಳು ಬಂದ ಮೇಲೆ ಆ ಸೊಟ್ಟ ಕೈ ಪ್ರತಿ ರವಿವಾರ ನನ್ನ ಕಣ್ಣ ಮುಂದೆ ಕೂರತೊಡಗಿತು. ಕರ್ತನ ಭೋಜನದ ರೊಟ್ಟಿಯ ತುಣುಕು ತೆಗೆದುಕೊಳ್ಳುವಾಗ ನಾವೆಲ್ಲ ಎಡ ಅಂಗೈ ಮೇಲೆ ಬಲ ಅಂಗೈ ಇಟ್ಟು ಚಾಚುತ್ತೇವೆ. ಅವಳ ಬಲ ಅಂಗೈ ಸಪಾಟಾಗಿ ನಿಲ್ಲುತ್ತಿರಲಿಲ್ಲ, ಒಂದು ಕಡೆಗೆ ವಾಲುತ್ತಿತ್ತು. ತುಣುಕು ಜಾರದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದಳು.

ಆ ವರ್ಷದ ಉಪವಾಸದ ನಲವತ್ತು ದಿನ ನಾನು ಒಂದೂ ಪಾಪವಿಲ್ಲದೆ ಬದುಕುತ್ತೇನೆ ಎಂದು ಹಟ ತೊಟ್ಟೆ. ಸಿಟ್ಟಿಲ್ಲ, ಸುಳ್ಳಿಲ್ಲ, ತಂಬಾಕಿಲ್ಲ, ಇನ್ನೊಬ್ಬರ ಮೇಲೆ ಚಾಡಿ ಇಲ್ಲ. ಕಾರ್ಖಾನೆಯಿಂದ ಹಿಂದೆಂದೋ ತಂದಿಟ್ಟಿದ್ದ ಹೆಂಚುಗಳಲ್ಲಿ ನಲವತ್ತನ್ನು ಆರಿಸಿ ಹಿತ್ತಿಲ ಗೋಡೆಗೆ ಸಾಲಾಗಿ ಒರಗಿಸಿದೆ. ರವಿವಾರ ಬಿಟ್ಟು ದಿನಕ್ಕೊಂದು ಹೆಂಚು. ಸಂಜೆ ಪ್ರಾರ್ಥನೆಗೆ ಮೊದಲು ಆ ದಿನವನ್ನು ಬಡಿದು ನೋಡಿ, ಗಟ್ಟಿಯಿದ್ದರೆ ಒಂದು ಗೆರೆ ಎಳೆಯುವುದು.

ಹೆಂಡತಿ ಮಾರ್ತಾ ಪಾತ್ರೆ ತಿಕ್ಕುತ್ತ ನೋಡುತ್ತಿದ್ದಳು. "ಹೆಂಚಿನ ಮ್ಯಾಲ ಗೆರಿ ಎಳದ್ರ ಸಿಟ್ಟ ಹೋಗ್ತೈತೇನ್ರಿ?" ಅಂದಳು.

"ಹತ್ತ ದಿನ ಆತು, ಒಮ್ಮೆರೆ ಒದರೀನೇನು?"

"ಒದರಿದ್ರ ಚೊಲೊ ಇತ್ತು. ಹಲ್ಲ ಕಡ್ಕೊಂಡ ಕುಂದರ್ತೀರಲ್ಲ, ಅದನ್ನ ನೋಡಿದ್ರ ನನಗ ಹೆಚ್ಚ ಅಂಜಿಕಿ."

ಅವಳು ಹೇಳಿದ್ದು ನಿಜವಾಗಿತ್ತು. ಆ ದಿನಗಳಲ್ಲಿ ನಾನು ಸಿಟ್ಟನ್ನು ಬಿಟ್ಟಿರಲಿಲ್ಲ, ನುಂಗುತ್ತಿದ್ದೆ. ಸಾರಿಗೆ ಉಪ್ಪು ಹೆಚ್ಚಾದರೆ ಒಂದು ಮಾತನ್ನೂ ಆಡದೆ ತಟ್ಟೆ ದೂಡಿ ಏಳುತ್ತಿದ್ದೆ. ಸಂಜೆ ಗೆರೆ ಎಳೆಯುತ್ತಿದ್ದೆ. ಪ್ರತಿ ರವಿವಾರ ಸಾಕ್ಷಿ ಹೇಳುವ ಹೊತ್ತಿಗೆ ಎದ್ದು ನಿಂತು, ಕರ್ತನ ಕೃಪೆಯಿಂದ ಈ ವಾರವೂ ಜಯವಾಯಿತು ಎಂದು ಹೇಳಿ ಕೂರುತ್ತಿದ್ದೆ. ಬಾಯಲ್ಲಿ ಕೃಪೆ, ಮನಸ್ಸಿನಲ್ಲಿ ಹಿತ್ತಿಲ ಹೆಂಚುಗಳ ಸಾಲು.

ಇಪ್ಪತ್ತೆರಡನೆಯ ದಿನ ಸಾರವ್ವನನ್ನು ಬೆಳಗಾವಿಗೆ ದವಾಖಾನೆಗೆ ಕರೆದುಕೊಂಡು ಹೋದೆ. ಅವಳ ಕಾಲು ಬಾತಿದ್ದವು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಡಾಕ್ಟರು ಚಿತ್ರ ತೆಗೆಸಿ ನೋಡಿ, ಹೃದಯ ದೊಡ್ಡದಾಗಿದೆ, ಎದೆಯಲ್ಲಿ ನೀರು ತುಂಬುತ್ತಿದೆ, ಔಷಧಿಯಿಂದ ಸ್ವಲ್ಪ ದಿನ ದೂಡಬಹುದು ಅಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಅವಳು ನಕ್ಕಳು.

"ನಮ್ಮ ಮನಿತನದಾಗ ಯಾರದರೆ ಒಬ್ಬರ ಹೃದಯ ದೊಡ್ಡದಾತಲ್ಲ, ಅಣ್ಣಾ."

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳಿಗೆ ಕಿಟಕಿ ಬದಿ ಜಾಗ ಸಿಕ್ಕಿತು. ಪೀರನವಾಡಿ ದಾಟಿದ ಮೇಲೆ ಜನ ಕಡಿಮೆಯಾದರು.

"ಎಷ್ಟ ಹೆಂಚ ಪಾಸಾದ್ವು?" ಎಂದು ಕೇಳಿದಳು. ಮಾರ್ತಾ ಹೇಳಿರಬೇಕು.

"ಇಪ್ಪತ್ತೊಂದು. ಇವತ್ತಿಂದು ಸಂಜಿಕ."

"ಒಂದೂ ಸೀಳಿಲ್ಲ?"

"ಎಲ್ಲಾ ದೇವರ ದಯಾ."

"ದೇವರ ದಯಾ ಅಂತಿ, ಗೆರಿ ಮಾತ್ರ ನೀನ ಎಳೀತಿ."

ನಾನು ಸಿಟ್ಟನ್ನು ನುಂಗಿದೆ. ಅವಳ ಬಲಗೈ ಮಡಿಲಲ್ಲಿತ್ತು. ನಮ್ಮಿಬ್ಬರ ಬಾಜು ಯಾರೂ ಇರಲಿಲ್ಲ. ಆಗ ಕೇಳಬಹುದಿತ್ತು. ತಪ್ಪಾಯಿತು ಸಾರವ್ವಾ, ಎರಡೇ ಶಬ್ದ. ಅವು ನಾಲಿಗೆಯವರೆಗೆ ಬಂದಿದ್ದವು ಕೂಡ. ನಾನೇ ತಡೆದೆ. ಏಕೆಂದರೆ ಆ ಕ್ಷಮೆಯನ್ನು ನಾನು ನಲವತ್ತನೆಯ ದಿನಕ್ಕೆ ಇಟ್ಟುಕೊಂಡಿದ್ದೆ. ಸಭೆಯ ಮುಂದೆ, ಎಲ್ಲರೂ ನೋಡುತ್ತಿರುವಾಗ ಅವಳ ಕಾಲು ಹಿಡಿಯಬೇಕು. ಬಸ್ಸಿನಲ್ಲಿ ಕೇಳಿಬಿಟ್ಟರೆ ಕಡೆಯ ಹೆಂಚಿಗೆ ಏನು ಉಳಿಯಿತು? ಆ ದಿನ ನಾನು ಯೋಚಿಸಿದ್ದು ಹೀಗೆಯೇ.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಪುನರುತ್ಥಾನದ ರವಿವಾರದ, ಅಂದರೆ ಈಸ್ಟರಿನ, ರೊಟ್ಟಿಗೆ ಮೊದಲು, ಶನಿವಾರ ಮಧ್ಯಾಹ್ನ ಎಲ್ಲರೂ ಸೇರಬೇಕು. ವರ್ಷದಲ್ಲಿ ಮುನಿಸಿಕೊಂಡವರು ಎದ್ದು ಬಂದು ಎಲ್ಲರ ಮುಂದೆ ಕೈ ಹಿಡಿದು ರಾಜಿಯಾಗಬೇಕು. ಕೈ ಕೂಡಿಸುವುದು ಅನ್ನುತ್ತಿದ್ದರು. ಕೈ ಕೂಡಿಸದವರಿಗೆ ಮರುದಿನ ರೊಟ್ಟಿ ಇಲ್ಲ. ಬದುವಿನ ಜಗಳ, ಅತ್ತೆ ಸೊಸೆಯರ ಮಾತು, ಎಲ್ಲ ಅಲ್ಲಿ ಮುಗಿಯುತ್ತಿದ್ದವು. ಹಲವರು ಸುಮ್ಮನೆ ಕೈ ಹಿಡಿದು ಮುಗಿಸುತ್ತಿದ್ದರು ಎಂಬುದೂ ಎಲ್ಲರಿಗೂ ಗೊತ್ತಿತ್ತು.

ನನ್ನ ನಲವತ್ತನೆಯ ದಿನವಾದ ಆ ಶನಿವಾರ ಸೆಖೆ ಬಹಳ. ಎರಡು ಜೋಡಿ ಕೈ ಕೂಡಿಸಿ ಹೋದ ಮೇಲೆ ನಾನು ಎದ್ದೆ. ಹೆಂಗಸರ ಸಾಲಿನ ಮುಂದೆ ಹೋಗಿ, ಸಾರವ್ವನ ಎದುರು ಮೊಣಕಾಲೂರಿ ಅವಳ ಬಾತ ಕಾಲುಗಳನ್ನು ಹಿಡಿದೆ. ಮೂವತ್ತಾರು ವರ್ಷದ ಹಿಂದೆ ಮಾಡಿದ್ದನ್ನು ಗಟ್ಟಿಯಾಗಿ ಹೇಳಿದೆ. ಹಲಗೆ, ಕೈ, ಬೀರಪ್ಪ, ಯಾವುದನ್ನೂ ಮುಚ್ಚಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಆ ನೀರು ಸುಳ್ಳಲ್ಲ. ಆದರೆ ಅದು ಬಂದದ್ದು ನನಗೆ ತಿಳಿಯುತ್ತಿತ್ತು, ಜನ ನೋಡುತ್ತಿದ್ದಾರೆಂಬುದೂ ತಿಳಿಯುತ್ತಿತ್ತು. ಹಿಂದೆ ಯಾರೋ ಮುದುಕಿ "ದೇವಾ ರೇ" ಎಂದು ಬಿಕ್ಕಿದಳು.

ಸಾರವ್ವ ಬಾಗಿ ನನ್ನ ಭುಜ ಮುಟ್ಟಿದಳು. "ಏಳಣ್ಣಾ. ಮಂದ್ಯಾಗ ಇದನ್ನ ಯಾಕ ತಗದಿ? ಬಸ್ಸಿನ್ಯಾಗ ಇಬ್ರ ಇದ್ವಿ."

"ಕ್ಷಮಾ ಮಾಡೀನಿ ಅನ್ನು ಸಾರವ್ವಾ. ಒಂದ ಮಾತ."

ಅವಳ ಕೆನ್ನೆಯೂ ಒದ್ದೆಯಾಗಿತ್ತು. ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಅಂದಳು: "ನನ್ನ ಕೈಲೆ ಆಗವಲ್ದು ಅಣ್ಣಾ. ದಿನಾ ಬೇಡಕೊಳ್ಳಾಕತ್ತೀನಿ, ಕೊಡಪಾ ನನಗ ಅಂತ. ಇನ್ನೂ ಸಿಕ್ಕಿಲ್ಲ. ಸಿಗಲಾರದ್ದನ್ನ ಸಿಕ್ಕೈತಿ ಅಂತ ನಿನ್ನ ಕೈಯಾಗ ಹೆಂಗ ಇಡ್ಲಿ? ನೀನೂ ನನ್ನ ಸಂಬಂಧ ಬೇಡಕೊ."

ನನಗೆ ಕೇಳಿಸಿದ್ದು 'ಆಗವಲ್ದು' ಎಂಬುದೊಂದೇ. ಉಳಿದದ್ದು ಕಿವಿಯೊಳಗೆ ಇಳಿಯಲು ವರ್ಷಗಳೇ ಹಿಡಿದವು. ನಾನು ಎದ್ದು ಮೊಣಕಾಲಿನ ಧೂಳು ಒರೆಸಿಕೊಂಡು ನನ್ನ ಜಾಗಕ್ಕೆ ಹೋಗಿ ಕೂತೆ. ಆ ಸಂಜೆ ನಲವತ್ತನೆಯ ಹೆಂಚಿನ ಮುಂದೆ ನಿಂತಾಗ ಕ್ಷಣವೂ ಅನುಮಾನಿಸಲಿಲ್ಲ. ನನ್ನ ಪಾಲಿನದು ನಾನು ಮಾಡಿದ್ದೇನೆ, ಸೀಳು ಅವಳದು ಎಂದುಕೊಂಡು ಗೆರೆ ಎಳೆದೆ. ಉಳಿದೆಲ್ಲ ಗೆರೆಗಳಿಗಿಂತ ಉದ್ದವಾಗಿ ಎಳೆದೆ.

ಮರುದಿನ ಬೆಳಿಗ್ಗೆ ರೊಟ್ಟಿಯ ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಹೋಗುವ ಕೆಲಸ ಹಿರಿಯನಾದ ನನ್ನದು. ಹಿಂದಿನ ದಿನದ ಮಾತಿನ ಮೇಲೆ ಸಾರವ್ವ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಿದ್ದಳು. ಮೂರನೆಯ ಸಾಲಿನ ತುದಿಯಲ್ಲಿ, ಬಿಳಿ ಸೀರೆಯಲ್ಲಿ. ತಟ್ಟೆ ಹತ್ತಿರ ಬಂದಾಗ ಎಡಗೈ ಮೇಲೆ ಸೊಟ್ಟ ಬಲಗೈ ಇಟ್ಟು ಚಾಚಿದಳು. ನನ್ನ ಮುಖ ನೋಡಲಿಲ್ಲ, ತಟ್ಟೆಯನ್ನೇ ನೋಡುತ್ತಿದ್ದಳು.

ನಾನು ಅವಳನ್ನು ದಾಟಿ ಪಕ್ಕದವಳ ಮುಂದೆ ತಟ್ಟೆ ಹಿಡಿದೆ.

ಅವಳ ಕೈ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಸೆರಗಿನೊಳಗೆ ಹೋಯಿತು. ಪಾಸ್ಟರು ಹೊಸಬರು, ಬಂದು ಎಂಟು ತಿಂಗಳಾಗಿತ್ತು, ನನ್ನ ಮಗನ ವಯಸ್ಸಿನವರು. ಎಲ್ಲ ನೋಡಿದರು, ತಲೆ ತಗ್ಗಿಸಿದರು. ಮನೆಗೆ ಬಂದು ಬಾಗಿಲು ತೆಗೆಯುವಾಗ ಮಾರ್ತಾ, "ಮೊದಲ ಕೈ ಮುರದ್ರಿ. ಈಗ ಆ ಕೈಯಾಗಿನ ತುತ್ತೂ ಕಸಗೊಂಡ್ರಿ" ಅಂದಳು.

"ನೇಮ ನಾ ಮಾಡಿದ್ದಲ್ಲ" ಅಂದೆ.

ಮೇ ತಿಂಗಳ ಕೊನೆಗೆ ಸಾರವ್ವನಿಗೆ ಒಬ್ಬಳೇ ಇರಲಾಗದಾಯಿತು. ಮಾರ್ತಾ ಹೋಗಿ ಅವಳನ್ನೂ ಟ್ರಂಕನ್ನೂ ನಮ್ಮ ಮನೆಗೆ ತಂದಳು. ನನ್ನನ್ನು ಕೇಳಲಿಲ್ಲ. ಪಡಸಾಲೆಯಲ್ಲಿ ಮಂಚ ಹಾಕಿದೆವು. ಬಲಗಡೆ ಹೊರಳಿದರೆ ಅವಳಿಗೆ ಉಸಿರು ಸಿಗುತ್ತಿರಲಿಲ್ಲ. ನಾನು ಔಷಧಿ ತಂದೆ, ಬೆನ್ನಿಗೆ ದಿಂಬು ಇಟ್ಟೆ, ಬಾತ ಕಾಲಿಗೆ ಎಣ್ಣೆ ಹಚ್ಚಿದೆ. ಒಂದು ಕೆಲಸವನ್ನೂ ತಪ್ಪಿಸಲಿಲ್ಲ. ಎಲ್ಲವನ್ನೂ ಮಾಡಿದೆ, ಅವಳು ಬೇಡಿದ್ದ ಒಂದನ್ನು ಬಿಟ್ಟು. ಅವಳ ಸಲುವಾಗಿ ಒಂದು ದಿನವೂ ದೇವರನ್ನು ಬೇಡಿಕೊಳ್ಳಲಿಲ್ಲ. ಬೇಡಿಕೊಂಡರೆ ನನ್ನ ಕೈಯಿಂದ ಆಗದ್ದು ಒಂದಿದೆ ಎಂದು ಒಪ್ಪಿಕೊಂಡಂತೆ.

ಜೂನ್ ಕಳೆದು ಜುಲೈ ಬಂತು. ಒಂದು ವಾರ ಬಿಡದೆ ಸುರಿಯಿತು. ಮಲಪ್ರಭೆ ಕೆಂಪಾಗಿ ಏರಿತ್ತು, ಗೋಡೆಗಳು ಬೆವರುತ್ತಿದ್ದವು. ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ ಪಾಸ್ಟರು ಕೊಡೆ ಹಿಡಿದು, ಪ್ಯಾಂಟು ಮೊಣಕಾಲಿಗೆ ಮಡಚಿ ಬಂದರು. ಕಂಕುಳಲ್ಲಿ ರೊಟ್ಟಿ ಮತ್ತು ರಸದ ಸಣ್ಣ ಪೆಟ್ಟಿಗೆ. ಮಾರ್ತಾ ಹೇಳಿ ಕಳಿಸಿದ್ದಳು.

ನಾನು ಬಾಗಿಲಲ್ಲೇ ಅಂದೆ: "ಮೊದಲ ಆಕಿನ್ನ ಕೇಳ್ರಿ, ಕ್ಷಮಾ ಮಾಡ್ಯಾಳೇನ ಅಂತ."

"ಹಿರಿಯಾರ, ಈಗ ಏನ ಕೇಳೂದ್ರಿ? ಆಕಿ ಉಸರ ನೋಡ್ರಿ."

"ನೇಮ ನೇಮಾನ."

ಅವರು ಮಂಚದ ಅಂಚಿಗೆ ಕೂತು ಬಾಗಿ ಕೇಳಿದರು. ಸಾರವ್ವ ಕಣ್ಣು ತೆರೆದಳು. ಒಂದೊಂದು ಶಬ್ದಕ್ಕೂ ಉಸಿರು ಎಳೆದುಕೊಳ್ಳುತ್ತಿದ್ದಳು. "ಇನ್ನೂ ಇಲ್ರಿ ಪಾಸ್ಟರ. ಬೇಡಕೊಳ್ಳೂದ ಮಾತ್ರ ಬಿಟ್ಟಿಲ್ಲ."

ಪಾಸ್ಟರು ನನ್ನ ಕಡೆ ನೋಡಿದರು. ಆ ಎಳೆಯ ಮುಖದಲ್ಲಿ ಅಂಜಿಕೆ ಇತ್ತು. ಅಂಜಿದ್ದು ನನಗೇ. ನಂತರ ತಿರುಗಿ, "ನನಗ ಇಷ್ಟ ಸಾಕ್ರಿ, ಅವ್ವಾ" ಎಂದು ಪೆಟ್ಟಿಗೆ ತೆರೆದರು. ಮಾರ್ತಾ ಅವಳನ್ನು ಎಬ್ಬಿಸಿ ಎದೆಗೆ ಒರಗಿಸಿಕೊಂಡಳು. ಸೊಟ್ಟ ಕೈ ಮೇಲೆದ್ದಿತು, ವಾಲಿತು. ಪಾಸ್ಟರು ತಮ್ಮ ಅಂಗೈಯನ್ನು ಅದರ ಕೆಳಗೆ ಇಟ್ಟು ತುಣುಕನ್ನು ಇರಿಸಿದರು. ಅವಳು ತಿಂದಳು. ತಿಂದು, ನನ್ನತ್ತ ಕೈ ತೋರಿಸಿ ಅಂದಳು:

"ಅಣ್ಣಗೂ ಕೊಡ್ರಿ. ಅವನೂ ಹಸದಾನ."

ನನಗೆ ಸಿಟ್ಟು ಬಂತು. ನಲವತ್ತು ದಿನ ನುಂಗಿದ್ದೆಲ್ಲ ಒಮ್ಮೆಲೇ ಬಂತು. ಒಂದು ಮಾತನ್ನು ಆಡಲು ಒಪ್ಪದವಳಿಗೆ ರೊಟ್ಟಿ ಸಿಕ್ಕಿತು. ಉಪವಾಸ ಮಾಡಿದವನು ನಾನು, ಕಾಲು ಹಿಡಿದವನು ನಾನು, ಮಲಮೂತ್ರ ಬಳಿದವನು ನಾನು. ನನಗೆ ಅವಳ ಶಿಫಾರಸು! "ನನಗ ಬ್ಯಾಡ" ಎಂದು ಕೂಗಿ ಹಿತ್ತಿಲಿಗೆ ಹೋದೆ.

ಹೆಂಚುಗಳು ಸಾಲಾಗಿ ನಿಂತಿದ್ದವು. ಎರಚಲಿಗೆ ಗೆರೆಗಳು ಯಾವಾಗಲೋ ತೊಳೆದುಹೋಗಿದ್ದವು, ಯಾವ ಹೆಂಚು ಯಾವ ದಿನದ್ದೆಂದು ಹೇಳುವಂತಿರಲಿಲ್ಲ. ಮೊದಲನೆಯದನ್ನು ಎತ್ತಿ ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿದೆ. ಎರಡನೆಯದು. ಮೂರನೆಯದು. ಮಳೆಯಲ್ಲಿ ನೆನೆಯುತ್ತ, ಬಾಯಿಗೆ ಬಂದದ್ದನ್ನು ಅನ್ನುತ್ತ, ಒಂದೊಂದನ್ನೇ ಒಡೆದೆ. ಆಗಲೂ ಎಣಿಸುತ್ತಿದ್ದೆ. ಮೂವತ್ತೊಂದಕ್ಕೆ ಬಂದಾಗ ಮಾರ್ತಾ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು.

"ಸಾಕ್ ಮಾಡ್ರಿ. ಸಾರವ್ವ ಹೋದ್ಲು."

ನಾನು ಹೆಂಚು ಕೈಯಲ್ಲಿ ಹಿಡಿದೇ ನಿಂತೆ.

"ಕಡೀಕ ನಿಮ್ಮ ಕಡೆ ಕೈ ಮಾಡಿ ಏನೋ ಅಂದ್ಳು. ತುಟಿ ಅಳ್ಳಾಡಿದ್ದ ಕಂಡ್ವಿ, ಪಾಸ್ಟರ ಆಕಿ ಬಾಯಿ ಹತ್ರ ಕಿವಿ ಇಟ್ರು. ನಿಮ್ಮ ಹೆಂಚಿನ ಸಪ್ಪಳದಾಗ ಯಾರಿಗೂ ಕೇಳಲಿಲ್ಲ."

ಪಾಸ್ಟರನ್ನು ಆಮೇಲೆ ಎಷ್ಟೋ ಸಲ ಕೇಳಿದೆ. ಒಂದು ಶಬ್ದವಾದರೂ? ಅವರು ಸುಳ್ಳು ಹೇಳಿ ನನ್ನನ್ನು ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. "ಕೇಳಲಿಲ್ರಿ ಹಿರಿಯಾರ" ಎಂದಷ್ಟೇ ಅಂದರು. ಅವಳು ಬೇಡುತ್ತಿದ್ದದ್ದು ಕೊನೆಗೆ ಸಿಕ್ಕಿತೋ ಇಲ್ಲವೋ, ಸಿಕ್ಕಿದ್ದನ್ನು ನನಗೆ ಕೊಟ್ಟೇ ಹೋದಳೋ, ಅಥವಾ ಬರೀ ನೀರು ಕೇಳಿದಳೋ ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ.

ಮಣ್ಣಿನ ದಿನವೂ ಮಳೆ. ಬೀರಪ್ಪ ಬೀಡಿಯಿಂದ ಬಂದಿದ್ದ. ತಲೆಯ ಮೇಲೆ ಕಂಬಳಿ ಹೊದ್ದು ಗೋಡೆಯ ಆಚೆ ನಿಂತಿದ್ದ. ಮೊಮ್ಮಕ್ಕಳನ್ನು ಕಂಡ ಮುದುಕ. ನಾನು ಅವನನ್ನು ನೋಡಿದೆ, ಕರೆಯಲಿಲ್ಲ. ಕರೆಯಬೇಕೆಂದು ಗೊತ್ತಿತ್ತು. ಮಾರ್ತಾ ಕೆಸರಿನಲ್ಲಿ ನಡೆದು ಹೋಗಿ, "ಬರ್ರಿ ಬೀರಪ್ಪಣ್ಣ, ನೀವೂ ಒಂದ ಹಿಡಿ ಹಾಕ್ರಿ" ಎಂದು ಕರೆತಂದಳು.

ಹಿರಿತನ ಬಿಟ್ಟೆ. ಖಾನಾಪುರವನ್ನೂ ಬಿಟ್ಟು ಖಾಸಬಾಗಕ್ಕೆ ಬಂದೆವು. ಇಲ್ಲಿಯ ಸಭೆಯಲ್ಲಿ ಕಡೆಯ ಬೆಂಚಿನಲ್ಲಿ ಕೂರುತ್ತಿದ್ದೆ. ರೊಟ್ಟಿ ಬಂದಾಗ ತಲೆ ಅಲ್ಲಾಡಿಸಿ ಬೇಡವೆನ್ನುತ್ತಿದ್ದೆ. ಅವಳಿಗೆ ಕೊಡದವನು ತಿನ್ನಬಾರದು, ಇದು ನನಗೆ ನಾನೇ ಕೊಟ್ಟುಕೊಂಡ ಶಿಕ್ಷೆ. ಆರು ವರ್ಷ ಹೀಗೆ ನಡೆಯಿತು. ಒಂದು ರವಿವಾರ ಮನೆಗೆ ಬರುವಾಗ ಮಾರ್ತಾ ಕೇಳಿದಳು:

"ಇದೂ ಹೆಂಚ ಅಲ್ಲೇನ್ರಿ? ಎಷ್ಟಾದ್ವು?"

ನನ್ನ ಬಾಯಿಂದ ಸಂಖ್ಯೆ ಬಂದುಬಿಡುವುದಿತ್ತು. ನಿಜವಾಗಿ ನಾನು ಎಣಿಸುತ್ತಿದ್ದೆ.

ಅಂದಿನಿಂದ ಕೈ ಚಾಚುತ್ತಿದ್ದೇನೆ. ಬದಲಾದೆ ಎಂದು ಹೇಳಲಾರೆ. ನಿನ್ನೆಯೂ ಓಣಿಯಲ್ಲಿ ಒಬ್ಬನ ಮೇಲೆ ಒದರಿದೆ. ಸಾರವ್ವ ಬೇಡಿದ್ದನ್ನು ಈಗ ದಿನವೂ ಬೇಡುತ್ತೇನೆ, ಹನ್ನೊಂದು ವರ್ಷ ತಡವಾಗಿ. ತಟ್ಟೆ ಬೆಂಚಿನಿಂದ ಬೆಂಚಿಗೆ ಬರುವಾಗ ನೆಟ್ಟಗಿರುವ ನನ್ನ ಎರಡು ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ಕಾಯುತ್ತೇನೆ, ಇವತ್ತಾದರೂ ತಟ್ಟೆ ಹಿಡಿದವನು ನನ್ನನ್ನು ದಾಟಿ ಹೋಗಬಹುದೆಂದು. ಹೋದರೆ ನ್ಯಾಯ.

ಇದುವರೆಗೆ ಒಬ್ಬರೂ ದಾಟಿ ಹೋಗಿಲ್ಲ. ತಡೆದುಕೊಳ್ಳಲು ಆಗದೇ ಇರುವುದು ಅದೇ.